ತಾಯಿ ಹೊರಗೆ ಹೋದಾಗ ಅಳದ ಮಗು: ಸುರಕ್ಷಿತ ಬಾಂಧವ್ಯವೋ, ವಿಮುಖ ಬಾಂಧವ್ಯವೋ?

ತೊಟ್ಟಿಲು:

ಮೇರಿ ಐನ್ಸ್‌ವರ್ತ್ ಅವರ ‘ಅಪರಿಚಿತ ಸನ್ನಿವೇಶ’ದ (ಹೊಸ ಕೋಣೆಯಲ್ಲಿ ತಾಯಿ ಎರಡು ಸಲ ಹೊರಹೋಗಿ ಮರಳಿದಾಗ ಮಗು ಏನು ಮಾಡುತ್ತದೆಂದು ನೋಡುವ ಪರೀಕ್ಷೆಯ) ವಿಡಿಯೊ ನೋಡಿ ಬಾಂಧವ್ಯದ ಬಗೆ ಗುರುತಿಸುವಾಗ ಒಂದು ಕಡೆ ಪದೇ ಪದೇ ಎಡವಟ್ಟಾಗುತ್ತದೆ. 13 ತಿಂಗಳ ಮಗು ಎಂದುಕೊಳ್ಳಿ. ತಾಯಿ ಎದ್ದು ಹೊರಟಾಗ ಬಾಗಿಲ ಕಡೆ ಒಮ್ಮೆ ನೋಡುತ್ತದೆ, ಅಳುವುದಿಲ್ಲ, ಆಟಿಕೆ ಹಿಡಿದು ಕೂರುತ್ತದೆ. ಕಲಿಯುವವರಲ್ಲಿ ಕೆಲವರು ತಕ್ಷಣ ‘ಎ’, ಅಂದರೆ ವಿಮುಖ ಎಂದು ಬರೆದುಬಿಡುತ್ತಾರೆ. ಉಳಿದವರು ‘ಬಿ’, ಸುರಕ್ಷಿತ ಎನ್ನುತ್ತಾರೆ. ಎರಡು ಬಗೆಯಲ್ಲೂ ಅಳದ ಮಕ್ಕಳಿರುವಾಗ ವ್ಯತ್ಯಾಸ ಹಿಡಿಯುವುದು ಯಾವುದರಿಂದ? ವಿಡಿಯೊದಲ್ಲಿ ಯಾವ ಭಾಗಕ್ಕೆ ಕಣ್ಣು ನೆಡಬೇಕು?

ಕಣ್ಗಾವಲು:

ಅಳುವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಒಟ್ಟು 8 ಘಟ್ಟಗಳಲ್ಲಿ ತಾಯಿ ಮರಳಿ ಬರುವುದು 5 ಮತ್ತು 8ನೆಯದರಲ್ಲಿ. ವರ್ಗೀಕರಣದ ತೂಕವೆಲ್ಲ ಬೀಳುವುದು ಆ ಎರಡರ ಮೇಲೆ. ಹತ್ತಿರ ಹೋಗುವ ಯತ್ನ, ಅಂಟಿಕೊಂಡೇ ಇರುವುದು, ತಪ್ಪಿಸಿಕೊಳ್ಳುವುದು, ಪ್ರತಿಭಟಿಸುವುದು ಎಂಬ ನಾಲ್ಕು ನಡವಳಿಕೆಗಳಿಗೆ 1ರಿಂದ 7ರವರೆಗೆ ಅಂಕ ಕೊಡುತ್ತೇವಲ್ಲ, ಅದರಲ್ಲಿ ಅಳುವಿನದೇ ಒಂದು ಅಂಕಪಟ್ಟಿ ಇಲ್ಲವೇ ಇಲ್ಲ.

ನೀವು ಹೇಳಿದ ಮಗುವನ್ನೇ ತೆಗೆದುಕೊಳ್ಳಿ. ಬಾಗಿಲು ತೆರೆಯುತ್ತದೆ. ಮಗು ತಲೆಯೆತ್ತಿ ತಾಯಿಯ ಮುಖ ನೋಡಿ ನಗುತ್ತದೆ, ಏನೋ ತೊದಲುತ್ತದೆ, ಕೈಯಲ್ಲಿದ್ದ ಚೆಂಡನ್ನು ಎತ್ತಿ ತೋರಿಸುತ್ತದೆ. ಹತ್ತಿರ ಬರದಿದ್ದರೂ ಕೂತಲ್ಲಿಂದಲೇ ತಾನಾಗಿ ಮಾತುಕತೆ ಶುರುಮಾಡಿದೆ. ಇದು ‘ಬಿ1’ ಉಪಗುಂಪು, ಸುರಕ್ಷಿತವೇ. ಇನ್ನೊಂದು ಮಗು ಬಾಗಿಲ ಸದ್ದಿಗೆ ಅರೆಕ್ಷಣ ನೋಡಿ ಮುಖ ತಿರುಗಿಸುತ್ತದೆ. ಕರೆದರೆ ಓಗೊಡುವುದಿಲ್ಲ, ಎತ್ತಿಕೊಂಡರೆ ಮೈ ಆಚೆ ವಾಲಿಸಿ ನೆಲದ ಆಟಿಕೆಯ ಕಡೆ ಬೆರಳು ಮಾಡುತ್ತದೆ. ಇದು ‘ಎ’. ಹತ್ತಿರ ಬರುತ್ತಾ ಬರುತ್ತಾ ದಾರಿಯಲ್ಲೇ ಬೇರೆ ಕಡೆ ತಿರುಗಿಬಿಡುವ ಮಗುವೂ ಉಂಟು, ಅದು ‘ಎ2’.

ಎಡವುವುದು ಹೆಚ್ಚಾಗಿ ‘ಬಿ2’ ಮಗುವಿನಲ್ಲಿ. 5ನೇ ಘಟ್ಟದಲ್ಲಿ ಅದು ಮುಖ ತಿರುಗಿಸಬಹುದು, ಆದರೆ 8ನೆಯದರಲ್ಲಿ ನೇರ ಬಂದು ಮಡಿಲು ಸೇರುತ್ತದೆ. 5ನೆಯದನ್ನು ನೋಡಿದ ಕೂಡಲೇ ತೀರ್ಮಾನ ಬರೆದಿಟ್ಟರೆ ಇಂಥ ಮಗು ತಪ್ಪು ಪಟ್ಟಿಗೆ ಹೋಗುತ್ತದೆ. 6ನೇ ಘಟ್ಟದಲ್ಲಿ ಮಗು ಒಂಟಿಯಾಗಿರುತ್ತದೆ, ಒತ್ತಡ ಏರುತ್ತದೆ. ಹಾಗಾಗಿ 8ನೆಯದರಲ್ಲಿ ಏನು ಮಾಡುತ್ತದೆ ಎಂಬುದಕ್ಕೆ ತೂಕ ಹೆಚ್ಚು.

ಆಟದ ಗುಣವನ್ನೂ ನೋಡಿ. ವಿಮುಖ ಮಗುವಿನ ಕೈಯಲ್ಲಿ ಆಟಿಕೆ ಇರುತ್ತದೆ, ಆಟ ಇರುವುದಿಲ್ಲ. ಅದೇ ಬ್ಲಾಕನ್ನು ಸುಮ್ಮನೆ ತಟ್ಟುತ್ತಾ ಕೂರುವುದು ಕಾಣುತ್ತದೆ.

ತೊಟ್ಟಿಲು:

‘ಬಿ2’ ವಿಷಯ ಸ್ಪಷ್ಟವಾಯಿತು, ಧನ್ಯವಾದ. ಹಾಗಾದರೆ ‘ಎ’ ಮಗುವಿಗೆ ತಾಯಿ ಹೋದದ್ದು ನಿಜಕ್ಕೂ ತಟ್ಟುವುದಿಲ್ಲ ಎನ್ನಬಹುದೇ?

ಎದೆಬಡಿತ:

ದಯವಿಟ್ಟು ಹಾಗೆ ಕಲಿಸಬೇಡಿ. ಸ್ರೌಫ್ ಮತ್ತು ವಾಟರ್ಸ್ 1977ರಲ್ಲೇ ಹೃದಯ ಬಡಿತದ ಅಳತೆಗಳನ್ನು ಮುಂದಿಟ್ಟರು. 1993ರಲ್ಲಿ ಸ್ಪ್ಯಾಂಗ್ಲರ್ ಮತ್ತು ಗ್ರಾಸ್‌ಮನ್ ಅಧ್ಯಯನದಲ್ಲೂ, ಹೊರಗೆ ನಿರಾಳವಾಗಿ ಕಂಡ ವಿಮುಖ ಮಕ್ಕಳ ಬಡಿತ ತಾಯಿ ಹೋದಾಗ ಏರಿತ್ತು. ಒಳಗೆ ತಳಮಳ ಇದೆ, ಹೊರಗೆ ತೋರಿಸುತ್ತಿಲ್ಲ. ಮೇರಿ ಮೇನ್ ಇದನ್ನು ಒಂದು ತಂತ್ರವೆಂದೇ ವಿವರಿಸಿದರು: ಅತ್ತು ಮೈಮೇಲೆ ಬಿದ್ದಾಗಲೆಲ್ಲ ಆರೈಕೆ ಮಾಡುವವರು ದೂರ ತಳ್ಳುತ್ತಾರೆ ಎಂದಾದರೆ, ಬೇಡಿಕೆ ಅಡಗಿಸಿಕೊಂಡು ಅವರ ಹತ್ತಿರದಲ್ಲೇ ಉಳಿಯುವುದು ಮಗು ಕಂಡುಕೊಂಡ ದಾರಿ. ಆದ್ದರಿಂದ ‘ಎ’ ಎಂದರೆ ಬಾಂಧವ್ಯವಿಲ್ಲದ ಮಗು ಅಲ್ಲ.

ಕಣ್ಗಾವಲು:

ಸರಿಯಾದ ಮಾತು. ‘ಡಿ’, ಅಂದರೆ ಅಸ್ತವ್ಯಸ್ತ ಬಗೆಯ ವಿಷಯದಲ್ಲೂ ಇಷ್ಟೇ ಎಚ್ಚರ ಬೇಕು. ಮೇನ್ ಮತ್ತು ಸಾಲೊಮನ್ ಇದಕ್ಕೆ 1ರಿಂದ 9ರ ಬೇರೆಯೇ ಅಂಕಪಟ್ಟಿ ಕೊಟ್ಟಿದ್ದಾರೆ. ತಾಯಿ ಬಂದಾಗ ಕೆಲವು ಕ್ಷಣ ಕಲ್ಲಿನಂತೆ ನಿಂತುಬಿಡುವುದು, ತಲೆ ಆಚೆ ತಿರುಗಿಸಿಕೊಂಡೇ ಹತ್ತಿರ ಬರುವುದು ಇಂಥ ಲಕ್ಷಣಗಳು. ನಿದ್ದೆಗೆಟ್ಟು ರಚ್ಚೆ ಹಿಡಿದ ಮಗುವನ್ನು ‘ಡಿ’ ಎಂದು ಬರೆಯುವುದು ದೊಡ್ಡ ತಪ್ಪು. ‘ಡಿ’ ಎಂದು ಬರೆದಮೇಲೂ ಎ, ಬಿ, ಸಿಗಳಲ್ಲಿ (‘ಸಿ’ ಎಂದರೆ ತಾಯಿ ಮರಳಿದಾಗ ಅಂಟಿಕೊಳ್ಳುತ್ತಲೇ ಪ್ರತಿಭಟಿಸುವ, ಸುಲಭವಾಗಿ ಸಮಾಧಾನಗೊಳ್ಳದ ಬಗೆ) ಯಾವುದು ಹೊಂದುತ್ತದೆಂದು ಜೊತೆಗೆ ನಮೂದಿಸಲೇಬೇಕು.

ಅಂಗಳ:

ಒಂದು ಆಕ್ಷೇಪ ಸೇರಿಸುತ್ತೇನೆ. ಇಡೀ ಪರೀಕ್ಷೆ ನಿಂತಿರುವುದು ‘ಹದವಾದ ಒತ್ತಡ’ ಎಂಬ ಊಹೆಯ ಮೇಲೆ. ತಾಯಿಯಿಂದ ಅಗಲಿ ಅಭ್ಯಾಸವೇ ಇಲ್ಲದ ಮಗುವಿಗೆ ಒಂಟಿಯಾಗಿರುವ ಆ 3 ನಿಮಿಷ ವಿಪರೀತವಾಗುತ್ತದೆ. ಜಪಾನಿನ ಸಪ್ಪೊರೊ ಅಧ್ಯಯನದಲ್ಲಿ ‘ಸಿ’ ಮಕ್ಕಳು ಹೆಚ್ಚಾಗಿ ಕಂಡದ್ದಕ್ಕೆ ಕೊಡುವ ಮುಖ್ಯ ವಿವರಣೆ ಇದೇ. ಜರ್ಮನಿಯ ಬೀಲೆಫೆಲ್ಡ್‌ನಲ್ಲಿ ‘ಎ’ ಹೆಚ್ಚು ಕಂಡದ್ದನ್ನು, ಮಕ್ಕಳು ಬೇಗ ಸ್ವಾವಲಂಬಿಗಳಾಗಲಿ ಎಂಬ ಅಲ್ಲಿನ ನಿರೀಕ್ಷೆಗೆ ಗ್ರಾಸ್‌ಮನ್ ದಂಪತಿ ಜೋಡಿಸಿದರು. 1988ರಲ್ಲಿ ವಾನ್ ಐಜೆಂಡೋರ್ನ್ ಮತ್ತು ಕ್ರೂನೆನ್‌ಬರ್ಗ್ 8 ದೇಶಗಳ 32 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ದೇಶ ದೇಶಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ದೇಶದೊಳಗಿನ ವ್ಯತ್ಯಾಸ ಸುಮಾರು ಒಂದೂವರೆ ಪಟ್ಟು ಇತ್ತು.

ಇನ್ನೊಂದು ಮಾತು. ಬಂದ ಅಕ್ಷರ ಮಗುವಿನ ಹಣೆಪಟ್ಟಿಯಲ್ಲ, ಆ ಜೋಡಿಯದು. ಅದೇ ಮಗು ತಂದೆಯೊಂದಿಗೆ ಬೇರೆ ಬಗೆಯಲ್ಲಿ ಕಾಣಿಸಿಕೊಳ್ಳಬಹುದು. ಹಾಳೆಯಲ್ಲಿ ‘ಮಗು: ಎ’ ಎಂದು ಬರೆಯುವ ಬದಲು ‘ತಾಯಿಯೊಂದಿಗೆ: ಎ’ ಎಂದು ಬರೆಸಿ.

ತೊಟ್ಟಿಲು:

ಹಾಳೆಯ ಆ ಕಲಂ ಇವತ್ತೇ ತಿದ್ದುತ್ತೇನೆ. ಮಗು ತಡೆಯಲಾರದೆ ಅಳತೊಡಗಿದರೆ 6ನೇ ಘಟ್ಟವನ್ನು ಅರ್ಧಕ್ಕೇ ನಿಲ್ಲಿಸಿದರೆ ವಿಡಿಯೊ ಕೆಟ್ಟಂತೆಯೇ?

ಕಣ್ಗಾವಲು:

ಇಲ್ಲ, ನಿಯಮವೇ ‘3 ನಿಮಿಷ ಅಥವಾ ಕಡಿಮೆ’. ನಿಲ್ಲಿಸಿದ ಸಮಯ ಬರೆದಿಟ್ಟುಕೊಳ್ಳಿ, 6ಕ್ಕೆ ಹೋಗುವ ಮುನ್ನವೇ, ಮಗು ಸಮಾಧಾನವಾಗುವವರೆಗೆ 5ನೇ ಘಟ್ಟವನ್ನು ಬೇಕಾದರೆ ಉದ್ದ ಮಾಡಿ.