ಸಹಾಯ ಬೇಕು: ಸೈಕಲ್ ಕಲಿಸಲು ಸಣ್ಣ ಸೈಕಲ್, ಒಂದು ಬಯಲು ಜಾಗ

ಎಲ್ಲರಿಗೂ ಶರಣು. ನಾನು ಕಲಬುರಗಿಯ ಬ್ರಹ್ಮಪುರದವಳು. ನಮ್ಮ ಓಣಿಯ ಆರು ಹೆಣ್ಣುಮಕ್ಕಳಿಗೆ ಸೈಕಲ್ ಕಲಿಸುತ್ತಿದ್ದೇನೆ. ಪಕ್ಕದ ಮನೆ ಅಕ್ಕನೂ ಸೇರಿಕೊಂಡಿದ್ದಾರೆ, ಅವರಿಗೆ 45 ವರ್ಷ.

ನಾನು ಕಲಿತದ್ದು ಗಂಟೆ ಲೆಕ್ಕದ ಬಾಡಿಗೆ ಸೈಕಲ್‌ನಲ್ಲಿ. ಅಣ್ಣ ಹಿಂದೆ ಸೀಟು ಹಿಡಿದು ಓಡುತ್ತಿದ್ದ. ಮೊಣಕಾಲಿನ ಕಲೆ ಈಗಲೂ ಇದೆ. ಇವರಿಗೆ ಬೇರೆ ಥರ ಕಲಿಸುತ್ತೇನೆ. ಎರಡೂ ಪೆಡಲ್ ಬಿಚ್ಚಿ, ಪಾದ ಪೂರ್ತಿ ನೆಲಕ್ಕೆ ತಾಗುವಷ್ಟು ಸೀಟು ಇಳಿಸುತ್ತೇನೆ. (ಎಡಗಡೆ ಪೆಡಲ್‌ನ ಥ್ರೆಡ್ ಉಲ್ಟಾ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ.) ಕಾಲಿನಿಂದ ತಳ್ಳುತ್ತಾ ಹೋದರೆ ಬ್ಯಾಲೆನ್ಸ್ ತಾನಾಗೇ ಬರುತ್ತದೆ, ಆಮೇಲೆ ಪೆಡಲ್. ಮೊನ್ನೆ ಅಕ್ಕ ಮೊದಲ ಸಲ ಎರಡೂ ಕಾಲು ಎತ್ತಿ ಹತ್ತು ಮಾರು ಹೋದರು. ಇಳಿದು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಇರುವುದು ಒಂದೇ ಸೈಕಲ್. ಸರದಿ ಬರುವಷ್ಟರಲ್ಲಿ ಬಿಸಿಲು ಏರುತ್ತದೆ. ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ ಅಲ್ವಾ? ಮನೆಯಲ್ಲಿ ಸುಮ್ನೆ ನಿಂತಿರುವ 20 ಇಂಚಿನ ಹಳೇ ಸೈಕಲ್ ಇದ್ದರೆ ದಯವಿಟ್ಟು ಕೊಡಿ. ಪಂಕ್ಚರ್ ಆಗಿದ್ದರೂ ಪರವಾಗಿಲ್ಲ, ರಿಪೇರಿ ನಾನೇ ಮಾಡಿಸುತ್ತೇನೆ. ಓಣಿ ಇಕ್ಕಟ್ಟು, ಆಟೋ, ಬೈಕ್ ಜಾಸ್ತಿ. ಹತ್ತಿರದಲ್ಲಿ ಬೆಳಗ್ಗೆ 6ರಿಂದ 7.30ರವರೆಗೆ ಬಿಡುವ ಬಯಲು ಜಾಗ ಇದ್ದರೆ ತಿಳಿಸಿ. ಜೊತೆಗೆ ಬಂದು ಕಲಿಸುವ ಅಕ್ಕ-ತಂಗಿಯರು ಸಿಕ್ಕರೆ ಇನ್ನೂ ನಾಲ್ಕು ಜನರನ್ನು ಸೇರಿಸಿಕೊಳ್ಳಬಹುದು. ಕಾಯುತ್ತಿದ್ದಾರೆ.