ತಮಾಷೆಗೆ ಹಾಕಿದ ಆಟ್ರಿಬ್ಯೂಟ್‌ನಿಂದ ಪೇಚಾಟ: ಪೆರ್ಲ ಕಡೆಯ ಕ್ಯಾಶ್, ಸಹಾಯ ಬೇಕು

ಅಡಿಕೆಸೋಗೆ:
ನಮಸ್ಕಾರ. ಕಾಸರಗೋಡಿನ ಪೆರ್ಲದ ಹತ್ತಿರ ಸೋದರಮಾವನ ಅಡಿಕೆ ತೋಟದ ಬದಿಯಲ್ಲಿ ನನ್ನದೊಂದು ಟ್ರೆಡಿಷನಲ್ ಕ್ಯಾಶ್ ಉಂಟು, ಅಂದರೆ ಜಿಯೋಕ್ಯಾಶಿಂಗ್ ಆಟದಲ್ಲಿ ಜಿಪಿಎಸ್ ಹಿಡಿದು ಹುಡುಕಲು ಅಡಗಿಸಿಟ್ಟ ಡಬ್ಬ. ಡಿಫಿಕಲ್ಟಿ (ಹುಡುಕುವ ಕಷ್ಟ) 1.5, ಟೆರೇನ್ (ದಾರಿಯ ಕಷ್ಟ) 2. ಸಣ್ಣ ಪ್ಲಾಸ್ಟಿಕ್ ಡಬ್ಬ, ಮುರಕಲ್ಲಿನ ಪಾಗಾರದ ಸಂದಿಯಲ್ಲಿ ಕೂತಿದೆ. ಮಾವನ ಒಪ್ಪಿಗೆ ಕೇಳಿಯೇ ಇಟ್ಟದ್ದು.

ಸೈಟ್‌ನಲ್ಲಿ ಅದರ ಪುಟ, ಅಂದರೆ ಲಿಸ್ಟಿಂಗ್, ಬರೆಯುವಾಗ ಆಟ್ರಿಬ್ಯೂಟ್‌ಗಳಲ್ಲಿ (ಜಾಗ ಹೇಗಿದೆ, ಏನು ಬೇಕು ಅಂತ ತೋರಿಸುವ ಐಕಾನ್) ಸ್ವಲ್ಪ ತಲೆಹರಟೆ ಮಾಡಿದೆ. ಹಿಮದಲ್ಲಿ ನಡೆಯುವ ಬೂಟು ಬೇಕು ಅಂತ ಹಾಕಿದೆ. ಪಕ್ಕದಲ್ಲಿ ತೋಡು ಇದೆಯಲ್ಲ, ದೋಣಿ ಬೇಕು, ಸ್ಕೂಬಾ ಬೇಕು ಅಂತ ಹಾಕಿದೆ. ಅಪಾಯಕಾರಿ ಪ್ರಾಣಿ ಅಂದರೆ ಮಾವನ ಮನೆಯ ಹುಂಜ. ಹಿಂದಿನ ಬರೆಯಲ್ಲಿ (ಗುಡ್ಡದ ಕಡಿದಾದ ಬದಿ) ಒಂದು ಹಳೆಯ ಸುರಂಗ ಉಂಟು, ಅದಕ್ಕೆ 'ಪಾಳುಬಿದ್ದ ಗಣಿ', ಜೊತೆಗೆ ಟಾರ್ಚ್. ಹೀಗೆ 15 ಐಕಾನ್ ತುಂಬಿಸಿದೆ. ಆವಾಗ ಭಾರಿ ಖುಷಿಯಾಗಿತ್ತು.

ಮೊದಲಿಗೆ ಒಬ್ಬಿಬ್ಬರು ಹುಡುಕಿ ಲಾಗ್ ಮಾಡಿದರು (ಸಿಕ್ಕಿತು ಅಂತ ದಾಖಲಿಸಿದರು), ಆಮೇಲೆ ನಾಲ್ಕು ತಿಂಗಳು ಯಾರೂ ಬರಲಿಲ್ಲ. ಕಳೆದ ಭಾನುವಾರ ಬೆಂಗಳೂರಿನ ಕಡೆಯ ಗಂಡ ಹೆಂಡತಿ ಬಂದಿದ್ದರು, ಜೊತೆಗೆ ಸಣ್ಣ ಹುಡುಗ. ಮಾವ ಸ್ಪ್ರಿಂಕ್ಲರ್ ಬದಲಾಯಿಸಲು ತೋಟಕ್ಕೆ ಇಳಿದಾಗ ಸುರಂಗದ ಬಾಯಿಯಲ್ಲಿ ಮೂರು ಜೊತೆ ಚಪ್ಪಲಿ ಸಾಲಾಗಿ ಬಿಟ್ಟಿತ್ತಂತೆ. ಒಳಗಿಂದ ಟಾರ್ಚ್ ಬೆಳಕು, ಮಾತು. ಮಾವ ಬೊಬ್ಬೆ ಹಾಕಿ ಹೊರಗೆ ಕರೆದರು. "ಗಣಿ ಅಂತ ಇದೆ, ಟಾರ್ಚ್ ಬೇಕು ಅಂತ ಇದೆ, ನೀರಿನ ಗುರುತೂ ಇದೆ, ಎಲ್ಲ ಸರಿಯಾಗಿ ಹೊಂದುತ್ತದಲ್ಲ" ಅಂತ ಅವರು ಫೋನ್ ತೋರಿಸಿದರಂತೆ.

ಈಗ ಡಬ್ಬ ತೆಗಿ ಅಂತ ಮಾವ ಹಟ ಹಿಡಿದಿದ್ದಾರೆ. ನನಗೆ ಉಳಿಸಿಕೊಳ್ಳಬೇಕು. ನಿನ್ನೆ ಮುಳ್ಳಿನ ಐಕಾನ್ ಸೇರಿಸಲು ನೋಡಿದೆ, ತೆಗೆದುಕೊಳ್ಳಲಿಲ್ಲ. ತಿದ್ದಲು ರಿವ್ಯೂವರ್ (ಸೈಟ್‌ನಲ್ಲಿ ಕ್ಯಾಶ್ ಪರಿಶೀಲಿಸುವವರು) ಒಪ್ಪಿಗೆ ಬೇಕಾ? ಮೊದಲು ಲಾಗ್ ಮಾಡಿದವರಿಗೆ ತೊಂದರೆ ಆಗುತ್ತದಾ?

ನಾಲ್ಕನೇ_ಉಪಗ್ರಹ:
ರಿವ್ಯೂವರ್ ಬೇಡ. ಎಡಿಟ್ ಪುಟದಲ್ಲಿ ಆಟ್ರಿಬ್ಯೂಟ್ ನೀವೇ ಬದಲಾಯಿಸಬಹುದು, ಕೂಡಲೇ ಕಾಣುತ್ತದೆ. ಮುಳ್ಳು ಸೇರದಿರಲು ಕಾರಣ ಸುಲಭ. ಒಂದು ಕ್ಯಾಶ್‌ಗೆ ಹೆಚ್ಚೆಂದರೆ 15. ತಮಾಷೆಯವು ಜಾಗ ಹಿಡಿದು ಕೂತಿವೆ, ನಿಜವಾದದ್ದು ಹೊರಗೆ ನಿಂತಿದೆ.

ಯಾರೂ ಬರದಿರಲು ಕಾರಣ ಫಿಲ್ಟರ್ ಇರಬಹುದು. ದೋಣಿ, ಸ್ಕೂಬಾ ಬೇಕಾದದ್ದನ್ನು ತೆಗೆದುಹಾಕಿ ಹುಡುಕುವವರಿಗೆ ನಿಮ್ಮ ಕ್ಯಾಶ್ ಕಾಣುವುದೇ ಇಲ್ಲ. ಅವರು ನಿಮ್ಮ ವಿವರಣೆ ಓದಿ ನಗಬೇಕಾದರೆ ಮೊದಲು ಪುಟ ತೆರೆಯಬೇಕಲ್ಲ!

ಕ್ಯಾಶ್‌ನ ವಿವರ ಇಳಿಸಿಕೊಳ್ಳುವ ಜಿಪಿಎಕ್ಸ್ ಫೈಲ್ ಒಮ್ಮೆ ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಸ್ಕೂಬಾಕ್ಕೆ ನಂಬರ್ 5, ದೋಣಿಗೆ 4, ಪಾಳು ಗಣಿಗೆ 20. ಪಕ್ಕದಲ್ಲಿ 1 ಇದ್ದರೆ ಹೌದು, 0 ಇದ್ದರೆ ಇಲ್ಲ. ಅಷ್ಟೇ. 'ಇದು ತಮಾಷೆಗೆ' ಅಂತ ಹೇಳಲು ಅಲ್ಲಿ ಮೂರನೇ ನಂಬರ್ ಇಲ್ಲ.

ಹಳೆಯ ಲಾಗ್‌ಗಳಿಗೆ ಏನೂ ಆಗುವುದಿಲ್ಲ. ಐಕಾನ್ ಲೆಕ್ಕ ಇಟ್ಟುಕೊಳ್ಳುವವರು ಮುಂದಿನ ಸಲ ಫೈಲ್ ಹೊಸದಾಗಿ ಇಳಿಸಿದಾಗ ಅವರ ಪಟ್ಟಿಯಿಂದ ಒಂದು ಸ್ಕೂಬಾ ಹೋಗುತ್ತದೆ. ಹೋಗಲಿ ಬಿಡಿ, ಅವರು ನೀರಿಗೆ ಇಳಿದದ್ದೇ ಇಲ್ಲ.

ಕಡಲಬದಿ:
ಎಂತ ಮಾರಾಯ್ರೆ, ಇಷ್ಟು ಗಂಭೀರ ಆಗಬೇಕಾ? ನನ್ನ ಒಂದು ಕ್ಯಾಶ್‌ನಲ್ಲೂ ಹಿಮದ ಬೂಟು ಉಂಟು. ಕಾಸರಗೋಡಿನಲ್ಲಿ ಅದನ್ನು ನಂಬುವವರು ಯಾರು? ಬಂದವರೆಲ್ಲ ನಕ್ಕು ಲಾಗ್ ಬರೆದಿದ್ದಾರೆ. ಚಾಲೆಂಜ್ ಕ್ಯಾಶ್‌ಗೆ (ಮೊದಲು ಒಂದು ಷರತ್ತು ಪೂರೈಸಬೇಕಾದದ್ದು) ಐಕಾನ್ ಒಟ್ಟು ಮಾಡುವವರಿಗೂ ಉಪಕಾರ.

ಮುರಕಲ್ಲು:
ಭಾವಾ, ಹಿಮದ ಬೂಟಿಗೂ ದೋಣಿಗೂ ವ್ಯತ್ಯಾಸ ಉಂಟು. ಹಿಮ ನಮ್ಮಲ್ಲಿ ಬೀಳುವುದಿಲ್ಲ, ಹಾಗಾಗಿ ಅದು ಜೋಕು ಅಂತ ಗೊತ್ತಾಗುತ್ತದೆ. ದೋಣಿ? ಕುಂಬಳೆ, ಚಂದ್ರಗಿರಿ ಹೊಳೆಯ ಕಡೆ ದೋಣಿ ನಿಜವಾಗಿಯೂ ಬೇಕಾಗುವ ಜಾಗ ಇದೆ. ಗಣಿ ಅಂದರೂ ಹಾಗೆಯೇ. ನಮ್ಮ ಗುಡ್ಡೆಗಳಲ್ಲಿ ತೂತು ಎಷ್ಟು ಉಂಟು ಅಂತ ನಿಮಗೇ ಗೊತ್ತು. ಆ ಜಾಗದಲ್ಲಿ ನಿಜ ಆಗಬಹುದಾದ ಸುಳ್ಳು ಹಾಕಿದರೆ ಅದನ್ನು ಯಾರೂ ಜೋಕು ಅಂತ ಓದುವುದಿಲ್ಲ, ಮಾಹಿತಿ ಅಂತಲೇ ಓದುತ್ತಾರೆ. ಇವರ ಲಿಸ್ಟಿಂಗ್‌ನಲ್ಲಿ ಗಣಿ, ಟಾರ್ಚ್, ನೀರು ಮೂರೂ ಒಂದಕ್ಕೊಂದು ಸಾಕ್ಷಿ ಹೇಳಿವೆ. ಆ ಬೆಂಗಳೂರಿನವರು ದಡ್ಡರಲ್ಲ, ಗಮನವಿಟ್ಟು ಓದಿದವರು.

ಸುರಂಗದ ಬಗ್ಗೆ ಹೊರಗಿನವರಿಗೆ ಒಂದು ಮಾತು. ಇದು ಗಣಿಯೂ ಅಲ್ಲ, ಗುಹೆಯೂ ಅಲ್ಲ. ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದದ್ದು, ಒಬ್ಬ ಮನುಷ್ಯ ನಡೆಯುವಷ್ಟೇ ಅಗಲ. ಒಸರುವ ನೀರನ್ನು ಮೊದಲೆಲ್ಲ ಅಡಿಕೆ ಮರದ ದಂಬೆಯಲ್ಲಿ ಹೊರಗೆ ತರುತ್ತಿದ್ದರು, ಈಗ ಪೈಪು. ಬಾಯಾರು ಕಡೆ ಇವತ್ತಿಗೂ ಅದೇ ನೀರು ಕುಡಿಯುವ ಮನೆಗಳಿವೆ. ಕೊರೆಯುವವರು ದೀಪ ಹಿಡಿದು ಹೋಗುತ್ತಿದ್ದರು. ದೀಪ ಮಂಕಾದರೆ ವಾಪಸ್, ಒಳಗೆ ಗಾಳಿ ಸಾಲದು ಅಂತ ಅರ್ಥ. ಟಾರ್ಚ್ ಹಾಗೆ ಮಂಕಾಗುವುದಿಲ್ಲ, ಅದು ಉರಿಯುತ್ತಲೇ ಇರುತ್ತದೆ. ಮೇಲಿನ ಮಣ್ಣು ಜರಿಯುವ ಭಯ ಬೇರೆ. ನಿಮ್ಮ ಮಾವ ಬೊಬ್ಬೆ ಹಾಕಿದ್ದು ಕಡಿಮೆಯೇ ಆಯ್ತು.

ಒಂದು ಪ್ರಶ್ನೆ. ಡಬ್ಬದಿಂದ ಸುರಂಗದ ಬಾಯಿಗೆ ಎಷ್ಟು ದೂರ?

ಅಡಿಕೆಸೋಗೆ:
ಹತ್ತು ಹನ್ನೆರಡು ಹೆಜ್ಜೆ.

ಮುರಕಲ್ಲು:
ಹಾಗಾದರೆ ಐಕಾನ್ ಒಂದೇ ತಿದ್ದಿದರೆ ಸಾಲದು. ಮೇಲೆ ಅಡಿಕೆ ಸೋಗೆ, ಒಂದು ಬದಿಗೆ ಎತ್ತರದ ಬರೆ. ಫೋನಿಗೆ ಅರ್ಧ ಆಕಾಶ ಕಾಣುವುದಿಲ್ಲ, ಕಂಡ ಸಿಗ್ನಲ್ಲೂ ಬರೆಗೆ ಬಡಿದು ತಿರುಗಿ ಬಂದದ್ದಿರಬಹುದು. ಅಂಥಲ್ಲಿ ಹತ್ತು ಮೀಟರ್ ತಪ್ಪು ತೋರಿಸುವುದು ಮಾಮೂಲಿ. ಫೋನಿನ ದಾರಿ ತೋರಿಸುವ ಬಾಣ ಅವರನ್ನು ಸುರಂಗದ ಬಾಯಿಗೆ ನಿಲ್ಲಿಸಿದೆ, ಗಣಿಯ ಐಕಾನ್ ಒಳಗೆ ದೂಡಿದೆ. ಎರಡೂ ಸೇರಿಯೇ ಹೀಗಾದದ್ದು.

ಡಬ್ಬವನ್ನು ಗೇಟಿನ ಕಡೆಗೆ ತನ್ನಿ. ಈಗಿನ ಜಾಗದಿಂದ 161 ಮೀಟರ್ ಒಳಗೆ ಆದರೆ ಕೋಆರ್ಡಿನೇಟ್ (ಜಾಗದ ಅಕ್ಷಾಂಶ, ರೇಖಾಂಶ) ನೀವೇ ಅಪ್‌ಡೇಟ್ ಮಾಡಬಹುದು. ಬೇರೆ ಕ್ಯಾಶ್‌ನಿಂದಲೂ ಕಡಿಮೆಯೆಂದರೆ ಅಷ್ಟು ದೂರ ಇರಬೇಕು, ನೋಡಿಕೊಳ್ಳಿ.

ನಾಲ್ಕನೇ_ಉಪಗ್ರಹ:
ಜಿಪಿಎಸ್ ತಪ್ಪು ಅಂದಾಗ ನನಗೆ ಈ ಆಟ ಹುಟ್ಟಿದ ಕಥೆ ನೆನಪಾದದ್ದು ಸುಮ್ನೆ ಅಲ್ಲ. ಮೊದಲು ಜಿಪಿಎಸ್‌ನಲ್ಲಿ ಅಮೆರಿಕದವರು ಬೇಕಂತಲೇ ತಪ್ಪು ಸೇರಿಸುತ್ತಿದ್ದರು, ಜನಸಾಮಾನ್ಯರಿಗೆ ನೂರು ಮೀಟರ್‌ವರೆಗೂ ಆಚೀಚೆ ತೋರಿಸುತ್ತಿತ್ತು. 2000ದ ಮೇ 2ರಂದು ಅದನ್ನು ನಿಲ್ಲಿಸಿದರು. ಮೇ 3ಕ್ಕೆ ಓರೆಗಾನ್‌ನಲ್ಲಿ ಮೊದಲ ಡಬ್ಬ ಇಟ್ಟಾಯಿತು. ಬೇಕಂತಲೇ ಹಾಕಿದ ತಪ್ಪು ಹೋದದ್ದರಿಂದ ಹುಟ್ಟಿದ ಆಟ ಇದು. ನೀವು ಅದನ್ನೇ ಐಕಾನ್ ರೂಪದಲ್ಲಿ ವಾಪಸ್ ತಂದಿದ್ದೀರಿ 😄

ಪಯಸ್ವಿನಿ_ತೀರ:
ನನ್ನದೊಂದು ಅನುಮಾನ, ವಿಷಯ ಇದಕ್ಕೆ ಹತ್ತಿರದ್ದೇ. ನನ್ನ ಕ್ಯಾಶ್ ತೋಡಿನ ಆಚೆ ಬದಿಯಲ್ಲಿದೆ. ಜುಲೈಯಲ್ಲಿ ಮೊಣಕಾಲು ನೀರು, ಕಾಲಿಗೆ ಉಂಬಳ. ಮಾರ್ಚ್‌ನಲ್ಲಿ ಒಣ ಕಲ್ಲು. ನೀರಲ್ಲಿ ದಾಟಬೇಕು ಅಂತ ಹಾಕಿದರೆ ಬೇಸಿಗೆಯಲ್ಲಿ ಬಂದವರು ನನ್ನನ್ನು ಸುಳ್ಳುಗಾರ್ತಿ ಅನ್ನುತ್ತಾರೆ. ಹಾಕದಿದ್ದರೆ ಮಳೆಗಾಲದಲ್ಲಿ ಬಂದವರು ಬೈಯುತ್ತಾರೆ.

ಮುರಕಲ್ಲು:
ಹಾಕಿ ಅಕ್ಕ. ಆ ಐಕಾನ್ ಹೇಳುವುದೇ 'ದಾಟಬೇಕಾಗಬಹುದು' ಅಂತ. ಯಾವ ತಿಂಗಳು ಎಷ್ಟು ನೀರು ಅಂತ ವಿವರಣೆಯ ಮೊದಲ ಸಾಲಿನಲ್ಲೇ ಬರೆಯಿರಿ. ಇದು ಸುಳ್ಳಲ್ಲ, ನಮ್ಮ ಊರೇ ಹಾಗೆ, ವರ್ಷಕ್ಕೆ ಎರಡು ಊರು. ಉಂಬಳಕ್ಕೆ ಐಕಾನ್ ಇಲ್ಲ, ಅದನ್ನೂ ಬರೆಯಿರಿ. ಉಣ್ಣಿಯ ಐಕಾನ್ ಹಾಕಿ ಉಂಬಳ ಅಂತ ತಿಳಿದುಕೊಳ್ಳಿ ಅನ್ನಬೇಡಿ, ಎರಡಕ್ಕೂ ಔಷಧಿ ಬೇರೆ.

ಕಡಲಬದಿ:
ಆಯ್ತಪ್ಪ, ನಾನೂ ನನ್ನ ಲಿಸ್ಟಿಂಗ್ ತೆರೆದು ನೋಡಿದೆ. ಹಿಮದ ಬೂಟಿನ ಜೊತೆ 'ಇಪ್ಪತ್ನಾಲ್ಕು ಗಂಟೆಯೂ ತೆರೆದಿದೆ' ಅಂತಲೂ ಇದೆ. ಅದು ತಮಾಷೆಗೆ ಹಾಕಿದ್ದಲ್ಲ, ಆದರೆ ಈಗ ಸುಳ್ಳು. ಪಕ್ಕದ ಜಾಗದವರು ಹೋದ ವರ್ಷ ಗೇಟ್ ಹಾಕಿದ್ದಾರೆ, ಸಂಜೆ ಆರಕ್ಕೆ ಬೀಗ. ಜೋಕಿನ ಮಧ್ಯೆ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಗಂಟೆಯದಕ್ಕೆ ಅಡ್ಡಗೆರೆ ಎಳೆದೆ. ಬೂಟು ಮಾತ್ರ ತೆಗೆಯುವುದಿಲ್ಲ, ಅದು ನನ್ನ ಹಟ.

ನಾಲ್ಕನೇ_ಉಪಗ್ರಹ:
ಬೂಟಿನ ಬಗ್ಗೆ ನನ್ನ ತಕರಾರು ಇದ್ದೇ ಇದೆ, ಇರಲಿ.

ಅಡಿಕೆಸೋಗೆ ಅವರೇ, ಕೊನೆಗೆ ಒಂದು ಕೆಲಸ. ಐಕಾನ್ ಬದಲಾಯಿಸಿದರೆ ಯಾರಿಗೂ ಮೇಲ್ ಹೋಗುವುದಿಲ್ಲ. ಪಾಕೆಟ್ ಕ್ವೆರಿ (ಕ್ಯಾಶ್‌ಗಳ ಪಟ್ಟಿಯ ಫೈಲ್) ಇಳಿಸಿಟ್ಟುಕೊಂಡವರ ಕೈಯಲ್ಲಿ ಹಳೆಯದೇ ಇರುತ್ತದೆ, ಅವರು ಇನ್ನೂ ಗಣಿ ಹುಡುಕಿಕೊಂಡು ಬರಬಹುದು. ಹಾಗಾಗಿ ಒಂದು ನೋಟ್ ಲಾಗ್ (ಕ್ಯಾಶ್‌ನ ಪುಟದಲ್ಲಿ ಟಿಪ್ಪಣಿ) ಹಾಕಿ: ಡಬ್ಬ ಸುರಂಗದ ಒಳಗಿಲ್ಲ, ಒಳಗೆ ಹೋಗಬೇಡಿ. ಅದನ್ನೇ ವಿವರಣೆಯ ತಲೆಯಲ್ಲೂ ಬರೆಯಿರಿ, ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ.

ಅಡಿಕೆಸೋಗೆ:
ಎಲ್ಲ ಮಾಡಿದೆ. ಡಬ್ಬ ಈಗ ಗೇಟಿನ ಪಕ್ಕದ ಪಾಗಾರದಲ್ಲಿದೆ, ಸುರಂಗದಿಂದ 90 ಮೀಟರ್. ಅಲ್ಲಿ ಆಕಾಶ ಚೆನ್ನಾಗಿ ಕಾಣುತ್ತದೆ. ಮೂರು ಸಲ ಬೇರೆ ಬೇರೆ ಹೊತ್ತಿಗೆ ಅಳೆದು ಸರಾಸರಿ ಹಾಕಿದ್ದೇನೆ.

ಐಕಾನ್ 15ರಿಂದ 5ಕ್ಕೆ ಇಳಿಯಿತು. ಮುಳ್ಳು, ಪಾರ್ಕಿಂಗ್, ಮಕ್ಕಳಿಗೆ ಆದೀತು, ರಾತ್ರಿ ಬೇಡ, ನಾಯಿ ತರಬೇಡಿ. ಕೊನೆಯದು ಮಾವನ ಷರತ್ತು, ಅವರ ನಾಯಿಗೆ ಬೇರೆ ನಾಯಿ ಕಂಡರೆ ಆಗುವುದಿಲ್ಲ. ಸುರಂಗದ ಬಾಯಿಗೆ ಮಾವ ಎರಡು ಬಿದಿರು ಅಡ್ಡ ಕಟ್ಟಿದ್ದಾರೆ. ಹುಂಜದ ವಿಷಯ ವಿವರಣೆಯ ಕೊನೆಯ ಸಾಲಿಗೆ ಹಾಕಿದೆ. ಐಕಾನ್ ಇಲ್ಲದಿದ್ದರೂ ಅದು ಕುಕ್ಕುವುದು ನಿಜ.

ಪಯಸ್ವಿನಿ_ತೀರ:
ಈ ಭಾನುವಾರ ಬರಬಹುದಾ? ಮಗಳೂ ಇದ್ದಾಳೆ.

ಅಡಿಕೆಸೋಗೆ:
ಬನ್ನಿ ಅಕ್ಕ. ಬೆಳಿಗ್ಗೆ ಹತ್ತರ ಒಳಗೆ ಬಂದರೆ ಮಾವ ಮನೆಯಲ್ಲೇ ಇರುತ್ತಾರೆ. ಪೆರ್ಲದಿಂದ ಒಂದು ಪೆನ್ನು ಹಿಡಿದುಕೊಂಡು ಬನ್ನಿ, ಡಬ್ಬದಲ್ಲಿದ್ದದ್ದು ಒಣಗಿದೆ.