ಶನಿವಾರ ಹ್ಯೂಸ್ಟನ್ ಜೊತೆ ಮ್ಯಾಚ್, ಏನು ನೋಡಬೇಕು?

ಪ್ರಶ್ನೆ: ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೇನೆ. ಶನಿವಾರ ನಮ್ಮ ಬಾಸ್ಕೆಟ್‌ಬಾಲ್ ಅಂಗಣ ಆಲನ್ ಫೀಲ್ಡ್‌ಹೌಸ್‌ಗೆ ಹ್ಯೂಸ್ಟನ್ ವಿಶ್ವವಿದ್ಯಾಲಯದ ತಂಡ ಬರುತ್ತಿದೆ. ಊರಲ್ಲಿ ಬರೀ ಕ್ರಿಕೆಟ್, ಕಬಡ್ಡಿ ನೋಡಿದವನು ನಾನು. ಅವರ ಆಟದಲ್ಲಿ ಏನು ಗಮನಿಸಲಿ?

ಉತ್ತರ 1: ಸುಮ್ನೆ ಚೆಂಡನ್ನೇ ನೋಡುತ್ತಾ ಕೂರಬೇಡಿ. ಚೆಂಡು ಹಿಡಿದ ನಮ್ಮ ಗಾರ್ಡ್‌ಗೆ (ಚೆಂಡು ನಡೆಸುವ ಆಟಗಾರ) ನಮ್ಮವನೇ ಇನ್ನೊಬ್ಬ ಸ್ಕ್ರೀನ್ ಕೊಟ್ಟ ತಕ್ಷಣ, ಅಂದರೆ ಎದುರಾಳಿಯ ದಾರಿಗೆ ಅಡ್ಡ ನಿಂತ ತಕ್ಷಣ, ಅವರ ಇಬ್ಬರು ಆಟಗಾರರು ಒಟ್ಟಿಗೆ ಆ ಗಾರ್ಡ್ ಮೇಲೆ ಬೀಳುತ್ತಾರೆ. ಇದು 2014ರಿಂದ ಹ್ಯೂಸ್ಟನ್‌ನಲ್ಲಿ ಕೋಚ್ ಆಗಿರುವ ಕೆಲ್ವಿನ್ ಸ್ಯಾಂಪ್ಸನ್ ಕಲಿಸಿದ್ದು. ಆಗ ಸ್ಕ್ರೀನ್ ಕೊಟ್ಟವನು ರಿಂಗ್ ಎದುರಿನ ಫ್ರೀ ಥ್ರೋ ಗೆರೆ ಹತ್ತಿರ ಒಬ್ಬನೇ ಇರುತ್ತಾನೆ. ಪಾಸ್ ಬೇಗ ಸಿಕ್ಕರೆ ನಾಲ್ವರು ನಮ್ಮವರು, ಎದುರಿಗೆ ಮೂವರೇ. ತಡವಾದರೆ ಶಾಟ್ ಹೊಡೆಯಲು ಇರುವ 30 ಸೆಕೆಂಡ್ ಹಾಗೇ ಕಳೆದುಹೋಗುತ್ತದೆ.

ಉತ್ತರ 2: ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು) ಬಿಟ್ಟಿರಲ್ಲ! ತಮ್ಮ ಶಾಟ್ ತಪ್ಪಿದರೂ ಅವರು ರಿಂಗ್ ಕಡೆ ನುಗ್ಗುತ್ತಾರೆ. ನಮ್ಮವರು ಮೊದಲು ಬೆನ್ನು ಕೊಟ್ಟು ತಡೆಯಬೇಕು, ಜಿಗಿಯುವುದು ಆಮೇಲೆ.

ಪ್ರಶ್ನೆ ಕೇಳಿದವನು: ಇಬ್ಬರು ಸುತ್ತುವರಿಯುವುದು ಕಬಡ್ಡಿಯ ಚೈನ್ ಥರ ಅಲ್ವಾ?

ಉತ್ತರ 1: ಹೌದು. ಆದರೆ ಇಲ್ಲಿ ಹಿಡಿದರೆ ಫೌಲ್!